ಶ್ರವ್ಯಗ್ರಂಥಗಳ ವಾಚಕರೂ ಅವರಿಗೆ ಸಲ್ಲುವ ಪುರಸ್ಕಾರಗಳೂ

೧. ವಿಷಯೋಪಕ್ರಮ

ಕಾವ್ಯವನ್ನು ರಚಿಸಿದವನಿಗೆ ಸನ್ಮಾನವನ್ನು ಮಾಡುವ ಪದ್ಧತಿಯು ನಾಗರಿಕವಾದ ಎಲ್ಲ ದೇಶಗಳಲ್ಲಿಯೂ ಬಹುಕಾಲದಿಂದ ಇರುವುದು. ಆ ಕಾವ್ಯವನ್ನು ಇತರರ ಕಿವಿಗೆ ಮುಟ್ಟುವಂತೆ ಓದುವವನಿಗೂ ಸನ್ಮಾನವು ಸಲ್ಲತಕ್ಕದ್ದೆ, ಸಲ್ಲತಕ್ಕದ್ದಾದರೆ ಅವನಲ್ಲಿರುವ ಯಾವ ಗುಣಕ್ಕೆ ಸಲ್ಲತಕ್ಕದ್ದು ಎಂಬ ಪ್ರಶ್ನೆಗೆ ಉತ್ತರವನ್ನು ಹೇಳುವುದು ಅಷ್ಟು ಸುಲಭವಲ್ಲ. ಅಮೆರಿಕಾ ಸಂಯುಕ್ತಸಂಸ್ಥಾನಗಳಲ್ಲಿ ಈ ಪ್ರಶ್ನೆಗೆ ವ್ಯವಹಾರದಲ್ಲಿಯೇ ಒಂದು ಉತ್ತರವನ್ನು ಕೊಡುವ ಪ್ರಯತ್ನವು ನಡೆಯುತ್ತ ಬಂದಿದೆ. ಅಲ್ಲಿ ೧೯೯೬ನೆಯ ಇಸವಿಯಿಂದ ‘ಆಡೀ’ ಎಂಬ ಹೆಸರಿನ ಪ್ರಶಸ್ತಿಗಳನ್ನು ಪ್ರತಿವರ್ಷವೂ ಕೊಡುತ್ತಿದ್ದಾರೆ. ಈ ಹೆಸರಿಗೂ ಕನ್ನಡದ ‘ಆಡು’ ಧಾತುವಿಗೂ ಸಂಬಂಧವಿಲ್ಲ; ಕೇಳು ಎಂಬರ್ಥವುಳ್ಳ ಲ್ಯಾಟಿನ್ ಧಾತುವಿನಿಂದ ಅದು ಬಂದುದು. ಜನರು ಆಡಿಯೋಬುಕ್ ಎಂದು ಕರೆಯುವ, ಆದ್ಯಂತವಾಗಿ ಓದಿ ಧ್ವನಿಮುದ್ರಣ ಮಾಡಿದ ಪುಸ್ತಕವನ್ನು ಈ ಲೇಖನದಲ್ಲಿ ‘ಶ್ರವ್ಯಗ್ರಂಥ’ವೆಂದೂ, ಅದನ್ನು ಓದಿದವನನ್ನು ‘ವಾಚಕ’ನೆಂದೂ ವ್ಯವಹರಿಸಿದೆ.

ಆಡೀ ಪ್ರಶಸ್ತಿಗಳಲ್ಲಿ ಪತ್ತೇದಾರಿ ಕಥೆ, ಚರಿತ್ರೆ, ಆತ್ಮಕಥೆ, ಮಕ್ಕಳ ಪುಸ್ತಕ ಮೊದಲಾದ ಅನೇಕ ವರ್ಗಗಳುಂಟು. ಅವುಗಳಲ್ಲಿ ಒಂದು, ಸಾಹಿತ್ಯದೃಷ್ಟಿಯಿಂದ ರಚಿತವಾದ ಕಾದಂಬರಿಗಳನ್ನೂ ಪ್ರಾಚೀನವಾದ ಅಭಿಜಾತ ಕೃತಿಗಳನ್ನೂ ಒಟ್ಟುಗೂಡಿಸಿದ ವರ್ಗ. ವಾಚಕನ ಗುಣವೇನೆಂಬುದನ್ನು ವಿಚಾರಿಸುವವರಿಗೆ ಈ ವರ್ಗವೇ ಒರೆಗಲ್ಲು. ಅದು ಹೇಗೆಂಬುದನ್ನೂ, ನಮ್ಮ ಶಿಕ್ಷಾಶಾಸ್ತ್ರವೂ ಅಲಂಕಾರಶಾಸ್ತ್ರವೂ ಪಾಠಕನನ್ನು ಕುರಿತು ಹೇಳಿರುವ ಮಾತುಗಳು ಈ ಹೊಸ ಪುರಸ್ಕಾರದ ಪರೀಕ್ಷೆಯಲ್ಲಿ ಎಷ್ಟರಮಟ್ಟಿಗೆ ಉಪಯುಕ್ತವೆಂಬುದನ್ನೂ ಇಲ್ಲಿ ನಿರೂಪಿಸಲಾಗುವುದು.

೨. ಶ್ರವ್ಯಗ್ರಂಥದ ಪೂರ್ವಚರಿತ್ರೆ

ಶ್ರವ್ಯಗ್ರಂಥದ ಕಲ್ಪನೆಯು ಧ್ವನಿಮುದ್ರಣಯಂತ್ರದಷ್ಟೇ ಹಳೆಯದು. ಥಾಮಸ್ ಎಡಿಸನ್ ಮಹಾಶಯನು ೧೮೭೭ರಲ್ಲಿ ಫೋನೋಗ್ರಾಫ್ ಯಂತ್ರವನ್ನು ನಿರ್ಮಿಸಿ, ಮರುವರ್ಷ ಬರೆದ ಲೇಖನವೊಂದರಲ್ಲಿ ಅದರ ಉಪಯೋಗಗಳನ್ನು ಎಣಿಸುವಾಗ, ಅಂಧರಿಗೆ ತಾನಾಗಿ ಓದಿಹೇಳುವ ಪುಸ್ತಕವನ್ನೂ ಸೇರಿಸಿದನು. ಆದರೆ ಆಗಿನ ಮುದ್ರಿಕೆಗಳಲ್ಲಿ ಕೆಲವೇ ನಿಮಿಷಗಳ ಮಾತು ಹಿಡಿಯುತ್ತಿದ್ದುದರಿಂದ ಆ ಕಲ್ಪನೆಯು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಲ್ಪನೆಯಾಗಿಯೇ ಉಳಿಯಿತು. ೧೯೩೧ರಲ್ಲಿ ಅಮೆರಿಕಾ ದೇಶದ ಶಾಸನಸಭೆಯು ವಯಸ್ಕರಾದ ಅಂಧರಿಗೆ ಪುಸ್ತಕಗಳನ್ನು ಒದಗಿಸುವ ಶಾಸನವನ್ನು ಮಾಡಿತು. ೧೯೩೪ರಿಂದ ಮಾತನಾಡುವ ಪುಸ್ತಕಗಳು ಅವರಿಗೆ ದೊರೆಯತೊಡಗಿದುವು. ತಟ್ಟೆಯ ಒಂದೊಂದು ಪಾರ್ಶ್ವದಲ್ಲಿ ಸುಮಾರು ೧೫ ನಿಮಿಷಗಳ ವಾಚನವು ಹಿಡಿಯುತ್ತಿತ್ತಾದ ಕಾರಣ, ಒಂದು ಕಾದಂಬರಿಗೆ ತಟ್ಟೆಗಳ ದೊಡ್ಡ ಕಟ್ಟೇ ಬೇಕಾಗುತ್ತಿತ್ತು. ಇಂಗ್ಲೆಂಡಿನಲ್ಲಿ, ಮೊದಲನೆಯ ಮಹಾಯುದ್ಧದಲ್ಲಿ ದೃಷ್ಟಿಯನ್ನು ಕಳೆದುಕೊಂಡ ಯೋಧರೇ ಮೊದಲಾದವರಿಗಾಗಿ ೧೯೩೫ರಲ್ಲಿ ಇಂಥ ವ್ಯವಸ್ಥೆಯು ಪ್ರಾರಂಭವಾಯಿತು. ಅಗಾಥಾ ಕ್ರಿಸ್ಟಿಯ ಒಂದು ಪತ್ತೇದಾರಿ ಕಾದಂಬರಿಯೂ ಜೋಸೆಫ್ ಕಾನ್ರಾಡನ ‘ಟೈಫೂನ್’ ಎಂಬ ಕಥೆಯೂ ಅಲ್ಲಿ ಮೊದಲು ಸಿದ್ಧವಾದ ಗ್ರಂಥಗಳಲ್ಲಿ ಸೇರಿದುವು. ವಿನೋದಕ್ಕಾಗಿ ಓದುವ ಗ್ರಂಥವೂ ಸಾಹಿತ್ಯವೆಂದು ಓದುವ ಗ್ರಂಥವೂ ಆರಂಭದಿಂದಲೇ ಜೊತೆಯಾಗಿ ನಡೆದುವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಅಮೆರಿಕಾದಲ್ಲಿ ಅಲೆಕ್ಸಾಂಡರ್ ಸ್ಕೌರ್ಬಿ ಎಂಬ ನಟನು ಅಂಧರಿಗಾಗಿ ೪೦೦ಕ್ಕೂ ಹೆಚ್ಚು ಗ್ರಂಥಗಳನ್ನು ಓದಿದನು. ಅಂಧರ ಸಂಸ್ಥೆಯು ಮುಂದೆ ಅವನ ಹೆಸರಿನಲ್ಲಿಯೇ ವಾಚಕರಿಗೆ ಒಂದು ಪ್ರಶಸ್ತಿಯನ್ನು ಏರ್ಪಡಿಸಿತು. ಆದುದರಿಂದ ವಾಚಕನಿಗೆ ಗೌರವವನ್ನು ಮಾಡಬೇಕೆಂಬ ಭಾವನೆಯನ್ನು ಪೋಷಿಸಿದವರಲ್ಲಿ, ಪುಟವನ್ನು ತಾವೇ ನೋಡಲಾರದೆ ವಾಚಕನ ಕಂಠವೊಂದನ್ನೇ ನೆಚ್ಚಿದ್ದ ಶ್ರೋತೃಗಳೂ ಮುಖ್ಯರೆಂಬುದನ್ನು ಮರೆಯಲಾಗದು.

ದೃಷ್ಟಿಯುಳ್ಳವರಿಗಾಗಿ ಸಾಹಿತ್ಯವನ್ನು ಮುದ್ರಿಸಿ ಮಾರುವ ಕೆಲಸವನ್ನು ಬಾರ್ಬರಾ ಕೋಹನ್, ಮೇರಿಯಾನ್ ರೋನಿ ಎಂಬ ಇಬ್ಬರು ತರುಣಿಯರು ೧೯೫೨ರಲ್ಲಿ ನ್ಯೂಯಾರ್ಕಿನಲ್ಲಿ ಕೈಕೊಂಡರು. ಅವರು ಮೊದಲು ಪ್ರಕಟಿಸಿದುದು ಡಿಲನ್ ಥಾಮಸ್ ಕವಿಯ ವಾಚನವನ್ನು. ತಮ್ಮ ಸಂಸ್ಥೆಗೆ ಅವರು ‘ಕ್ಯಾಡ್ಮನ್’ ಎಂದು ಹೆಸರಿಟ್ಟರು. ಇಂಗ್ಲಿಷಿನ ಆದಿಕವಿಯೆಂದು ಪ್ರಸಿದ್ಧನಾದ ಆ ಕ್ಯಾಡ್ಮನ್ನನು ಓದುಬರಹವನ್ನರಿಯದ, ಕಿವಿಯಿಂದ ಕೇಳಿ ಬಾಯಿಯಿಂದ ಹಾಡಿದ ಗೋಪಾಲಕ. ಬಳಿಕ ಕ್ಯಾಸೆಟ್ಟುಗಳ ಕಾಲವು ಬಂದಿತು. ಕಾರಿನಲ್ಲಿ ದೂರ ಪ್ರಯಾಣ ಮಾಡುವವರು ಕಥೆಗಳನ್ನು ಕೇಳತೊಡಗಿದರು. ಆದರೆ ಕ್ಯಾಸೆಟ್ಟುಗಳ ಸಂಖ್ಯೆಯನ್ನೂ ಬೆಲೆಯನ್ನೂ ಮಿತವಾಗಿಡುವುದಕ್ಕೋಸ್ಕರ ಗ್ರಂಥಗಳನ್ನು ಸಂಕ್ಷೇಪಿಸುವ ರೂಢಿಯೂ ಜೊತೆಯಲ್ಲಿಯೇ ಬೆಳೆಯಿತು. ಆಡೀ ಪ್ರಶಸ್ತಿಗಳ ಆರಂಭದ ವರ್ಷಗಳಲ್ಲಿ ಸಂಕ್ಷಿಪ್ತ ಕಥಾಗ್ರಂಥಕ್ಕೂ ಅಖಂಡ ಕಥಾಗ್ರಂಥಕ್ಕೂ ಬೇರೆ ಬೇರೆ ಬಹುಮಾನಗಳಿದ್ದುದಕ್ಕೆ ಇದೇ ಹಿನ್ನೆಲೆ. ಈಗ ಅಂತರ್ಜಾಲದ ಮೂಲಕ ಗ್ರಂಥವು ನೇರವಾಗಿ ಕೇಳುವವನ ಫೋನಿಗೆ ಬರುವುದರಿಂದ ಉದ್ದದ ನಿರ್ಬಂಧವು ತೊಲಗಿ, ಅಖಂಡವಾಚನವೇ ನಿಯಮವಾಗಿದೆ.

೩. ಪುರಸ್ಕಾರವನ್ನು ಕೊಡತಕ್ಕವರು

ವಾಚನಕ್ಕೆ ಪುರಸ್ಕಾರವನ್ನು ಕೊಡುವ ಅಮೆರಿಕಾ ಸಂಸ್ಥೆಗಳಲ್ಲಿ ನಾಲ್ಕು ವರ್ಗದವರನ್ನು ಮುಖ್ಯವಾಗಿ ಎಣಿಸಬಹುದು. ಒಬ್ಬೊಬ್ಬರ ದೃಷ್ಟಿಯೂ ಒಂದೊಂದು ತೆರನಾದುದು.

ಮೊದಲನೆಯವರು ಪ್ರಕಾಶಕರು. ಶ್ರವ್ಯಗ್ರಂಥಪ್ರಕಾಶಕರ ಸಂಘವು ೧೯೮೬ರಲ್ಲಿ ಸ್ಥಾಪಿತವಾಯಿತು. ಆಡೀ ಪ್ರಶಸ್ತಿಗಳನ್ನು ಕೊಡತಕ್ಕದ್ದು ಈ ಸಂಘವೇ. ಪ್ರಕಾಶಕರು ಶುಲ್ಕವನ್ನು ತೆತ್ತು ಕಳುಹಿಸಿದ ಗ್ರಂಥಗಳನ್ನು ಪರೀಕ್ಷಕರು ಕೇಳಿ, ಕೆಲವನ್ನು ಅಂತಿಮ ಸುತ್ತಿಗೆ ಆರಿಸಿ, ಅವುಗಳಲ್ಲಿ ಒಂದಕ್ಕೆ ಬಹುಮಾನವನ್ನು ನಿರ್ಣಯಿಸುತ್ತಾರೆ. ಎರಡನೆಯವರು ವಿಮರ್ಶಕರು. ರಾಬಿನ್ ವಿಟ್ಟನ್ ಎಂಬಾಕೆ ೧೯೯೨ರಲ್ಲಿ ಸ್ಥಾಪಿಸಿದ ‘ಆಡಿಯೋಫೈಲ್’ ಎಂಬ ಪತ್ರಿಕೆಯು ತಾನು ವಿಮರ್ಶಿಸಿದ ಗ್ರಂಥಗಳಲ್ಲಿ ಅತ್ಯುತ್ತಮವಾದುವುಗಳಿಗೆ ‘ಇಯರ್‌ಫೋನ್ಸ್’ ಎಂಬ ಪುರಸ್ಕಾರವನ್ನು ಕೊಡುತ್ತದೆ. ಬಹುಕಾಲ ಶ್ರಮಿಸಿದ ವಾಚಕರಿಗೆ ‘ಸುವರ್ಣಕಂಠ’ವೆಂಬ ಅರ್ಥದ ಬಿರುದನ್ನೂ ಕೊಡುತ್ತದೆ. ಮೂರನೆಯವರು ಗ್ರಂಥಪಾಲಕರು. ಅವರ ಸಂಘವು ಮಕ್ಕಳ ಮತ್ತು ತರುಣರ ಶ್ರವ್ಯಗ್ರಂಥಗಳಿಗೆ ೨೦೦೮ರಿಂದ ‘ಒಡಿಸ್ಸಿ’ ಪ್ರಶಸ್ತಿಯನ್ನು ಕೊಡುತ್ತ ಬಂದಿದೆ. ಪುಸ್ತಕವೆಂಬುದು ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬಿದ್ದುದೆಂಬ ನೆನಪನ್ನು ಹೋಮರನ ಮಹಾಕಾವ್ಯದ ಹೆಸರು ಉಳಿಸುತ್ತದೆ. ನಾಲ್ಕನೆಯವರು ಧ್ವನಿಮುದ್ರಣ ಕಲಾವಿದರ ಅಕಾಡೆಮಿಯವರು. ಅವರ ‘ಗ್ರ್ಯಾಮಿ’ ಪ್ರಶಸ್ತಿಗಳು ಸಂಗೀತಕ್ಕೆ ಪ್ರಸಿದ್ಧವಾದರೂ, ೧೯೫೯ರ ಪ್ರಥಮ ಸಮಾರಂಭದಿಂದಲೇ ಮಾತಿನ ಮುದ್ರಿಕೆಗೂ ಒಂದು ಬಹುಮಾನವು ಅವುಗಳಲ್ಲಿ ಸೇರಿದೆ.

ವಿಕ್ರಯದಲ್ಲಿ ಆಸಕ್ತಿಯುಳ್ಳ ಪ್ರಕಾಶಕರೇ ಪ್ರಶಸ್ತಿಯನ್ನು ಕೊಡುವುದು ಉಚಿತವೆ ಎಂದು ಆಕ್ಷೇಪವು ಹುಟ್ಟಬಹುದು. ಇದಕ್ಕೆ ಸಮಾಧಾನವೇನೆಂದರೆ: ರತ್ನಪರೀಕ್ಷೆಯನ್ನು ವರ್ತಕರು ಮಾಡುವುದು ಲೋಕದಲ್ಲಿ ಉಂಟು, ವರ್ತಕನೆಂಬ ಮಾತ್ರಕ್ಕೆ ಪರೀಕ್ಷೆಯು ಸುಳ್ಳಾಗುವುದಿಲ್ಲ. ಪರೀಕ್ಷೆಯ ಲಕ್ಷಣವು ಸ್ಪಷ್ಟವಾಗಿದೆಯೆ ಎಂಬುದನ್ನು ಮಾತ್ರ ನೋಡಬೇಕು.

೪. ಅಭಿಜಾತ ಕೃತಿಗಳ ವರ್ಗವು ಒರೆಗಲ್ಲಾಗುವ ಬಗೆ

ಗ್ರ್ಯಾಮಿ ಬಹುಮಾನವನ್ನು ಪಡೆದವರ ಹೆಸರುಗಳನ್ನು ನೋಡಿದರೆ ಒಂದು ವಿಶೇಷವು ಕಾಣಬರುತ್ತದೆ. ಬರಾಕ್ ಒಬಾಮ ಅವರಿಗೆ ೨೦೦೬ರಲ್ಲಿಯೂ ೨೦೦೮ರಲ್ಲಿಯೂ, ಮಿಶೆಲ್ ಒಬಾಮ ಅವರಿಗೆ ೨೦೨೦ರಲ್ಲಿ, ನಟಿ ವಯೋಲಾ ಡೇವಿಸ್ ಅವರಿಗೆ ೨೦೨೩ರಲ್ಲಿ ಅದು ದೊರೆಯಿತು. ಇವರೆಲ್ಲರೂ ಓದಿದುದು ತಾವೇ ಬರೆದ ಗ್ರಂಥವನ್ನು. ಇಂಥ ಸ್ಥಳದಲ್ಲಿ ಪುರಸ್ಕಾರವು ವಾಚನಕ್ಕೆ ಸಂದಿತೊ, ಗ್ರಂಥಕ್ಕೆ ಸಂದಿತೊ, ಅಥವಾ ಆ ವ್ಯಕ್ತಿಯ ಕೀರ್ತಿಗೆ ಸಂದಿತೊ ಎಂದು ವಿಂಗಡಿಸುವುದು ಶಕ್ಯವಲ್ಲ. ಮಾತೂ ಕಂಠವೂ ಒಬ್ಬನದೇ ಆಗಿರುವಾಗ ಅವುಗಳ ಸಂಬಂಧವು ಸ್ವಯಂಸಿದ್ಧವಾಗಿರುತ್ತದೆ.

ಅಭಿಜಾತ ಕೃತಿಯ ವಿಷಯವು ಹೀಗಲ್ಲ. ಗ್ರಂಥಕಾರನು ಗತಿಸಿ ಬಹುಕಾಲವಾಗಿರುತ್ತದೆ. ಗ್ರಂಥದ ಯೋಗ್ಯತೆಯು ಆಗಲೇ ನಿರ್ಣೀತವಾಗಿರುತ್ತದೆ. ಪರೀಕ್ಷಕರು ಅದಕ್ಕೆ ಹೊಸದಾಗಿ ಅಂಕಗಳನ್ನು ಕೊಡಬೇಕಾದುದಿಲ್ಲ. ಕೃತಿಸ್ವಾಮ್ಯದ ಅವಧಿಯು ಮುಗಿದಿರುವುದರಿಂದ ಯಾರು ಬೇಕಾದರೂ ಓದಿ ಪ್ರಕಟಿಸಬಹುದು. ಆದಕಾರಣ ಒಂದೇ ಪಾಠಕ್ಕೆ ಹಲವು ವಾಚನಗಳು ಏಕಕಾಲದಲ್ಲಿ ದೊರೆಯುತ್ತವೆ. ಜಾರ್ಜ್ ಎಲಿಯಟಳ ‘ಮಿಡ್ಲ್‌ಮಾರ್ಚ್’ ಎಂಬ ಬೃಹತ್ಕಾದಂಬರಿಯನ್ನು ಜೂಲಿಯೆಟ್ ಸ್ಟೀವನ್‌ಸನ್ ಅವರೂ ಕೇಟ್ ರೀಡಿಂಗ್ ಅವರೂ ಬೇರೆ ಬೇರೆಯಾಗಿ ಓದಿದ್ದಾರೆ. ಅಕ್ಷರಗಳು ಒಂದೇ; ವಾಕ್ಯಗಳು ಒಂದೇ; ಆದರೂ ವಾಚನಗಳು ಎರಡು. ಗ್ರಂಥವನ್ನು ಸಮಾನವೆಂದು ಎರಡು ಕಡೆಯಿಂದಲೂ ಕಳೆದರೆ ಉಳಿಯುವುದೇ ವಾಚಕನ ಭಾಗ. ಪುರಸ್ಕಾರವು ಸಲ್ಲಬೇಕಾದುದು ಆ ಉಳಿದ ಭಾಗಕ್ಕೆ.

ಆ ಭಾಗವು ಯಾವುದೆಂಬುದಕ್ಕೆ ಒಂದು ಉದಾಹರಣೆ. ಜೇನ್ ಆಸ್ಟಿನ್ನಳ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಎಂಬ ಕಾದಂಬರಿಯ ಮೊದಲನೆಯ ವಾಕ್ಯವು ಧನಿಕನಾದ ಅವಿವಾಹಿತನ ವಿಷಯದಲ್ಲಿ ಲೋಕಸಿದ್ಧವಾದ ಒಂದು ತತ್ತ್ವವನ್ನು ಸಾರುವಂತೆ ತೋರುತ್ತದೆ. ವಾಸ್ತವದಲ್ಲಿ ಅದು ಹೆಣ್ಣುಮಕ್ಕಳನ್ನು ಹೆತ್ತ ನೆರೆಹೊರೆಯವರ ಅಭಿಲಾಷೆಯನ್ನು ಕುರಿತ ಪರಿಹಾಸ. ವಾಚಕನು ಅದನ್ನು ನಿಜವಾದ ತತ್ತ್ವವೆಂಬಂತೆ ಗಂಭೀರವಾಗಿ ಓದಿಬಿಟ್ಟರೆ ಪರಿಹಾಸವು ಕೆಡುತ್ತದೆ. ನಗುತ್ತ ಓದಿದರೆ ಗ್ರಂಥಕರ್ತ್ರಿಯು ಮುಚ್ಚಿಟ್ಟುದನ್ನು ಬಿಚ್ಚಿದಂತಾಗಿ ಆಗಲೂ ಕೆಡುತ್ತದೆ. ಗಂಭೀರವಾದ ಸ್ವರದೊಳಗೆ, ಕೇಳುವವನು ಮಾತ್ರ ಹಿಡಿಯಬಹುದಾದಷ್ಟು ಸೂಕ್ಷ್ಮವಾದ ಒಂದು ವಕ್ರತೆಯನ್ನು ಇಡಬೇಕು. ಇದು ಪುಟದಲ್ಲಿ ಯಾವ ಚಿಹ್ನೆಯಿಂದಲೂ ಸೂಚಿತವಾಗಿಲ್ಲ.

ನಮ್ಮ ಆಲಂಕಾರಿಕರು ಇದನ್ನೇ ಕಾಕುವೆಂದು ಕರೆದರು. ವೇಣೀಸಂಹಾರದ ಪ್ರಥಮಾಂಕದಲ್ಲಿ ಸಂಧಿಯ ಮಾತನ್ನು ಕೇಳಿ ರೇಗಿದ ಭೀಮನ ನುಡಿಯು ಇದಕ್ಕೆ ಪ್ರಸಿದ್ಧವಾದ ಲಕ್ಷ್ಯ. ಅಕ್ಷರಶಃ ನೋಡಿದರೆ ಅವನು ಕೌರವರನ್ನು ಕೊಲ್ಲುವುದಿಲ್ಲವೆಂದು ಹೇಳಿದಂತಿದೆ. ಕಾಕುವಿನಿಂದ ಓದಿದರೆ ಕೊಲ್ಲದೆ ಬಿಡುವೆನೇ ಎಂಬ ಪ್ರತಿಜ್ಞೆಯಾಗುತ್ತದೆ. ನಿಷೇಧವು ವಿಧಿಯಾಗುವಷ್ಟು ಸಾಮರ್ಥ್ಯವು ಕೇವಲ ಕಂಠವಿಕಾರದಲ್ಲಿ ಅಡಗಿದೆ. ಹತ್ತನೆಯ ಶತಮಾನದ ಆದಿಭಾಗದಲ್ಲಿದ್ದ ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಕಾಕುವನ್ನು ವಿವರಿಸಿದ ಮೇಲೆ, ಸಂಸ್ಕಾರವುಳ್ಳವನು ಹೇಗೋ ಕಾವ್ಯವನ್ನು ರಚಿಸಿಯಾನು, ಆದರೆ ಸರಸ್ವತಿಯು ಸಿದ್ಧಿಸಿದವನಿಗೆ ಮಾತ್ರ ಅದನ್ನು ಓದಲು ಬರುವುದು ಎಂಬ ಅಭಿಪ್ರಾಯವನ್ನು ಹೇಳುತ್ತಾನೆ. ಸ್ವತಃ ಕವಿಯಾದವನು ವಾಚಕನಿಗೆ ಕೊಟ್ಟ ಈ ಸ್ಥಾನವು ಗಮನಾರ್ಹವಾದುದು.

೫. ಪ್ರಾಚೀನ ಲಕ್ಷಣಗಳೂ ಆಧುನಿಕ ಪರೀಕ್ಷೆಯೂ

ಆಡಿಯೋಫೈಲ್ ಪತ್ರಿಕೆಯವರು ಇಯರ್‌ಫೋನ್ಸ್ ಪುರಸ್ಕಾರಕ್ಕೆ ನಾಲ್ಕು ಲಕ್ಷಣಗಳನ್ನು ಹೇಳುತ್ತಾರೆ: ವಾಚನದ ಕಂಠ ಮತ್ತು ಶೈಲಿ, ಪಾತ್ರಗಳನ್ನು ಧ್ವನಿಯಿಂದ ಬೇರ್ಪಡಿಸುವ ಶಕ್ತಿ, ಶ್ರವ್ಯರೂಪಕ್ಕೆ ಗ್ರಂಥದ ಹೊಂದಿಕೆ, ವಾಚನದಿಂದ ಗ್ರಂಥಕ್ಕೆ ಉಂಟಾದ ಉತ್ಕರ್ಷ. ಪಾಣಿನೀಯಶಿಕ್ಷೆಯಲ್ಲಿ ಪಾಠಕನಿಗೆ ಆರು ಗುಣಗಳನ್ನೂ ಆರು ದೋಷಗಳನ್ನೂ ಎಣಿಸಿದೆ. ಮಾಧುರ್ಯ, ಅಕ್ಷರಗಳ ಸ್ಪಷ್ಟತೆ, ಪದಗಳ ವಿಭಾಗ, ಸುಸ್ವರ, ಧೈರ್ಯ, ಲಯಸಾಮರ್ಥ್ಯ ಇವು ಗುಣಗಳು. ಹಾಡಿದಂತೆ ಓದುವುದು, ಅವಸರದಿಂದ ಓದುವುದು, ತಲೆಯನ್ನು ಅಲ್ಲಾಡಿಸುತ್ತ ಓದುವುದು, ಬರೆದುದನ್ನು ನೋಡಿ ಓದುವುದು, ಅರ್ಥವನ್ನು ತಿಳಿಯದೆ ಓದುವುದು, ಕ್ಷೀಣವಾದ ಕಂಠದಿಂದ ಓದುವುದು ಇವು ದೋಷಗಳು. ವೇದಾಧ್ಯಯನಕ್ಕಾಗಿ ಹೇಳಿದ ಈ ಪಟ್ಟಿಯನ್ನು ಕಾದಂಬರಿಯ ವಾಚನಕ್ಕೆ ಹಾಗೆಯೇ ಅನ್ವಯಿಸುವುದು ಸಾಧುವಲ್ಲ. ಆದರೆ ಒಂದೊಂದು ದೋಷವನ್ನೂ ಈಗಿನ ಧ್ವನಿಮುದ್ರಣದ ಕೋಣೆಯಲ್ಲಿಟ್ಟು ನೋಡಿದರೆ ಯಾವುದು ಕಾಲಾಧೀನ, ಯಾವುದು ನಿತ್ಯ ಎಂಬುದು ಗೊತ್ತಾಗುತ್ತದೆ.

ಅಲ್ಲಿ ನಡೆಯುವ ಕೆಲಸದ ಕ್ರಮವು ಹೀಗೆ. ಹೊರಗಿನ ಸದ್ದು ಬಾರದ ಚಿಕ್ಕ ಕೋಣೆಯೊಂದರಲ್ಲಿ ವಾಚಕನು ಒಬ್ಬನೇ ಮೈಕಿನ ಮುಂದೆ ಕುಳಿತು ಓದುತ್ತಾನೆ. ಸಿದ್ಧವಾದ ಶ್ರವ್ಯಗ್ರಂಥದ ಒಂದು ಗಂಟೆಯಲ್ಲಿ ಇಂಗ್ಲಿಷಿನ ಸುಮಾರು ೯,೦೦೦ ಪದಗಳು ಅಡಗುತ್ತವೆ. ಈ ಲೆಕ್ಕದಂತೆ ೧,೦೦,೦೦೦ ಪದಗಳ ಕಾದಂಬರಿಗೆ ೧೧ ಗಂಟೆಗಳು ಹಿಡಿಯುತ್ತವೆ. ಮಿಡ್ಲ್‌ಮಾರ್ಚಿನಂಥ ಗ್ರಂಥಕ್ಕೆ ಸುಮಾರು ೩೫ ಗಂಟೆಗಳು. ತಪ್ಪು ಬಿದ್ದಲ್ಲಿ ನಿಲ್ಲಿಸಿ, ಹಿಂದಿನ ವಾಕ್ಯದಿಂದ ಕೇಳಿಕೊಂಡು, ಅದೇ ಸ್ವರದಲ್ಲಿ ಮತ್ತೆ ಓದಿ ಜೋಡಿಸುತ್ತಾರೆ. ಅನಂತರ ಇನ್ನೊಬ್ಬನು ಪುಸ್ತಕವನ್ನು ಕೈಯಲ್ಲಿ ಹಿಡಿದು ಎಲ್ಲವನ್ನೂ ಕೇಳಿ, ಬಿಟ್ಟುಹೋದುದನ್ನೂ ತಪ್ಪಾದುದನ್ನೂ ಗುರುತುಮಾಡುತ್ತಾನೆ. ಆ ಭಾಗಗಳನ್ನು ವಾಚಕನು ಮತ್ತೆ ಓದಿಕೊಡುತ್ತಾನೆ.

ಈ ವ್ಯವಸ್ಥೆಯಲ್ಲಿ ಕ್ಷೀಣಕಂಠವು ದೋಷವಾಗಿ ಉಳಿದಿಲ್ಲ. ಮೈಕು ಪಿಸುಮಾತನ್ನೂ ಹಿಡಿಯುತ್ತದೆ. ಬರೆದುದನ್ನು ನೋಡಿ ಓದುವುದು ಇಲ್ಲಿ ಅನಿವಾರ್ಯ. ಆದರೂ ಒಳ್ಳೆಯ ವಾಚಕರು ಗ್ರಂಥವನ್ನು ಮೊದಲೇ ಪೂರ್ತಿಯಾಗಿ ಓದಿ, ಪಾತ್ರಗಳ ಸ್ವಭಾವವನ್ನೂ ವಿದೇಶೀಯ ನಾಮಗಳ ಉಚ್ಚಾರಣೆಯನ್ನೂ ಟಿಪ್ಪಣಿ ಮಾಡಿಕೊಂಡ ಬಳಿಕವೇ ಮೈಕಿನ ಮುಂದೆ ಕೂರುವುದರಿಂದ, ಅದೇ ಮೊದಲಬಾರಿಗೆ ನೋಡಿ ಓದುವನ ದೋಷವು ಅವರಿಗೆ ತಗಲುವುದಿಲ್ಲ. ತಲೆಯನ್ನು ಅಲ್ಲಾಡಿಸುವುದು ಕೇವಲ ಶಿಷ್ಟಾಚಾರದ ವಿಷಯವೆಂದು ತೋರಬಹುದು. ಮೈಕಿನ ಮುಂದೆ ಅದು ನಿಜವಾದ ದೋಷವಾಗಿದೆ. ಮುಖವು ಅತ್ತಿತ್ತ ಸರಿದರೆ ಧ್ವನಿಯ ಪ್ರಮಾಣವೂ ಗುಣವೂ ಒಡನೆ ಬದಲಾಗುತ್ತವೆ. ಅವಸರದ ದೋಷವನ್ನು ಕೇಳುವವನೇ ಉಂಟುಮಾಡಿಕೊಳ್ಳಬಹುದು. ವಾಚನದ ವೇಗವನ್ನು ತನಗೆ ಬೇಕಾದಂತೆ ಹೆಚ್ಚಿಸಿಕೊಳ್ಳುವ ಸೌಕರ್ಯವು ಈಗ ಅವನ ಕೈಯಲ್ಲಿಯೇ ಇದೆ. ಹಾಡಿದಂತೆ ಓದುವುದು ಗದ್ಯದಲ್ಲಿ ಇಂದಿಗೂ ದೋಷವೇ. ಹೀಗೆ ಐದು ದೋಷಗಳು ಒಂದಲ್ಲ ಒಂದು ರೀತಿಯಲ್ಲಿ ಉಪಕರಣಕ್ಕೂ ಅಭ್ಯಾಸಕ್ಕೂ ಒಳಪಟ್ಟಿವೆ. ಅರ್ಥವನ್ನು ತಿಳಿಯದೆ ಓದುವ ದೋಷವೊಂದೇ ಯಾವ ಉಪಕರಣದಿಂದಲೂ ನಿವಾರಣೆಯಾಗದೆ ನಿಂತಿದೆ.

ಇಲ್ಲಿ ಸೂಕ್ಷ್ಮವಾದ ಒಂದು ವಿಷಯವನ್ನು ಗಮನಿಸಬೇಕು. ಅರ್ಥಜ್ಞಾನವನ್ನು ಶಿಕ್ಷಾಕಾರನು ಆರು ಗುಣಗಳಲ್ಲಿ ಸೇರಿಸಲಿಲ್ಲ. ಅದರ ಅಭಾವವನ್ನು ಮಾತ್ರ ದೋಷಗಳಲ್ಲಿ ಸೇರಿಸಿದನು. ಇದರ ತಾತ್ಪರ್ಯವನ್ನು ನಾವು ಹೀಗೆ ಊಹಿಸಬಹುದು: ಮಾಧುರ್ಯಾದಿಗಳು ವಾಚನಕ್ಕೆ ಶೋಭೆಯನ್ನುಂಟುಮಾಡುವ ಧರ್ಮಗಳು, ಅವುಗಳಲ್ಲಿ ಹೆಚ್ಚುಕಡಮೆಯುಂಟು, ಅರ್ಥಜ್ಞಾನವಾದರೋ ಶೋಭೆಯಲ್ಲ, ಅಧಿಕಾರ. ಅದಿಲ್ಲದವನು ಕಡಮೆ ಗುಣದ ವಾಚಕನಲ್ಲ, ವಾಚಕನೇ ಅಲ್ಲ.

೬. ವಾಚನವೂ ಅಭಿನಯವೂ

ಪರೀಕ್ಷಕರಲ್ಲಿ ಭಿನ್ನಾಭಿಪ್ರಾಯಕ್ಕೆ ಕಾರಣವಾಗತಕ್ಕ ಇನ್ನೊಂದು ವಿಷಯವು ಪಾತ್ರಗಳ ಧ್ವನಿಭೇದ. ಹ್ಯಾರಿ ಪಾಟರ್ ಕಥಾಮಾಲೆಯ ಒಂದು ಸಂಪುಟದಲ್ಲಿ ಜಿಮ್ ಡೇಲ್ ಎಂಬ ನಟರು ಒಬ್ಬರೇ ೧೩೪ ಪಾತ್ರಗಳಿಗೆ ಬೇರೆ ಬೇರೆ ಧ್ವನಿಗಳನ್ನು ಕೊಟ್ಟು ಗಿನ್ನೆಸ್ ದಾಖಲೆಯಲ್ಲಿ ಸೇರಿದರು. ಇದಕ್ಕೆ ವಿರುದ್ಧವಾದ ಮಾರ್ಗದಲ್ಲಿ, ಜಾರ್ಜ್ ಸಾಂಡರ್ಸ್ ಅವರ ‘ಲಿಂಕನ್ ಇನ್ ದಿ ಬಾರ್ಡೋ’ ಎಂಬ ಕಾದಂಬರಿಯನ್ನು ೧೬೬ ಮಂದಿ ಸೇರಿ ಓದಿದರು. ಆ ಗ್ರಂಥವು ೨೦೧೮ರಲ್ಲಿ ಆಡೀ ಪ್ರಶಸ್ತಿಗಳಲ್ಲಿ ವರ್ಷದ ಶ್ರವ್ಯಗ್ರಂಥವೆನಿಸಿತು. ಸುಸಾನಾ ಕ್ಲಾರ್ಕ್ ಅವರ ‘ಪಿರನೇಸಿ’ಯನ್ನು ಚುವೆಟೆಲ್ ಎಜಿಯೊಫೋರ್ ಎಂಬ ನಟರೊಬ್ಬರೇ ಓದಿದ ಗ್ರಂಥಕ್ಕೆ ೨೦೨೧ರಲ್ಲಿ ಅದೇ ಗೌರವವು ದೊರೆಯಿತು. ಆದುದರಿಂದ ಕಂಠಗಳ ಸಂಖ್ಯೆಯೇ ಶ್ರೇಷ್ಠತೆಗೆ ಕಾರಣವಲ್ಲವೆಂಬುದು ಪ್ರಶಸ್ತಿಗಳ ಚರಿತ್ರೆಯಿಂದಲೇ ಸಿದ್ಧವಾಗುತ್ತದೆ.

ಈ ಎರಡು ಮಾರ್ಗಗಳ ಭೇದವು ಹೊಸದಲ್ಲ. ಪತಂಜಲಿಯು ಮಹಾಭಾಷ್ಯದಲ್ಲಿ, ಎಂದೋ ನಡೆದ ಕಂಸವಧೆಯನ್ನು ವರ್ತಮಾನಕಾಲದಲ್ಲಿ ಹೇಳುವುದು ಹೇಗೆ ಎಂಬ ಪ್ರಸಂಗದಲ್ಲಿ, ಕಣ್ಣೆದುರಿಗೆ ಆಡಿ ತೋರಿಸುವವರನ್ನೂ ಕೇವಲ ಮಾತಿನಿಂದ ಕಥೆಯನ್ನು ನಡೆಸುವ ಗ್ರಂಥಿಕರನ್ನೂ ಬೇರೆಯಾಗಿ ಹೇಳುತ್ತಾನೆ. ಗ್ರಂಥಿಕನು ಪಾತ್ರವಾಗುವುದಿಲ್ಲ, ಪಾತ್ರವನ್ನು ಕೇಳುವವನ ಬುದ್ಧಿಯಲ್ಲಿ ನಿಲ್ಲಿಸುತ್ತಾನೆ. ಏಳನೆಯ ಶತಮಾನದ ಬಾಣಭಟ್ಟನ ಹರ್ಷಚರಿತದಲ್ಲಿ ಸುದೃಷ್ಟಿಯೆಂಬ ಪುಸ್ತಕವಾಚಕನ ವರ್ಣನೆಯುಂಟು. ಅವನು ಬೆಳಗಿನ ವಾಚನವು ನಿಂತಲ್ಲಿ ಗುರುತಿಗಿಟ್ಟಿದ್ದ ಎಲೆಯನ್ನು ತೆಗೆದು, ಕೆಲವು ಓಲೆಗಳನ್ನು ಕೈಯಲ್ಲಿ ಹಿಡಿದು, ಮಧುರವಾದ ಗಮಕಗಳಿಂದ ಕೇಳುವವರ ಮನಸ್ಸನ್ನು ಸೆಳೆಯುತ್ತ ವಾಯುಪುರಾಣವನ್ನು ಓದುತ್ತಾನೆ. ಓದುವುದೇ ವೃತ್ತಿಯಾದವನೊಬ್ಬನಿದ್ದನೆಂಬುದಕ್ಕೂ, ಅವನ ವೃತ್ತಿಯನ್ನು ಕವಿಯು ಆದರದಿಂದ ಕಂಡನೆಂಬುದಕ್ಕೂ ಇದು ಸಾಕ್ಷಿ.

ಮಕ್ಕಳ ಅದ್ಭುತಕಥೆಗೆ ೧೩೪ ಧ್ವನಿಗಳು ಭೂಷಣವಾಗಬಹುದು. ಗ್ರಂಥಕಾರನ ನಿರೂಪಣೆಯೇ ಮುಖ್ಯವಾಗಿರುವ ಅಭಿಜಾತ ಕಾದಂಬರಿಯಲ್ಲಿ ಪಾತ್ರಗಳ ಧ್ವನಿಯು ನಿರೂಪಕನ ಧ್ವನಿಯನ್ನು ಮುಚ್ಚಬಾರದು. ಸಂಭಾಷಣೆಯಲ್ಲಿ ಯಾರು ಮಾತನಾಡುತ್ತಿರುವರೆಂಬುದು ತಿಳಿದರೆ ಸಾಕು. ಅದರಿಂದಾಚೆಗೆ ಮಾಡಿದ ಅನುಕರಣವು ವಾಚಕನ ಚಾತುರ್ಯವನ್ನು ತೋರಿಸುವುದೇ ಹೊರತು ಗ್ರಂಥದ ಅರ್ಥವನ್ನಲ್ಲ.

೭. ಯಂತ್ರಕಂಠದ ಪ್ರಶ್ನೆ

ಈ ವಿಚಾರವೆಲ್ಲವೂ ಕೇವಲ ಪಂಡಿತರ ಚರ್ಚೆಯಾಗಿ ಉಳಿಯದಂತೆ ಮಾಡಿರುವ ಒಂದು ಕಾರಣವುಂಟು. ಮನುಷ್ಯನು ಓದದೆ, ಯಂತ್ರವೇ ಮನುಷ್ಯಕಂಠವನ್ನು ಅನುಕರಿಸಿ ಓದಿದ ಗ್ರಂಥಗಳು ಈಗ ಮಾರಾಟಕ್ಕೆ ಬಂದಿವೆ. ಆ್ಯಪಲ್ ಸಂಸ್ಥೆಯವರು ೨೦೨೩ರ ಜನವರಿಯಲ್ಲಿ ಇಂಥ ವಾಚನಗಳನ್ನು ತಮ್ಮ ಪುಸ್ತಕಭಂಡಾರದಲ್ಲಿ ಸೇರಿಸಿದರು. ಇತರರೂ ಅದೇ ದಾರಿಯನ್ನು ಹಿಡಿದಿದ್ದಾರೆ. ಅದೇ ವರ್ಷ ಗ್ರ್ಯಾಮಿ ಪ್ರಶಸ್ತಿಯವರು ಮಾನವಕರ್ತೃಗಳು ಮಾತ್ರ ತಮ್ಮ ಪುರಸ್ಕಾರಕ್ಕೆ ಅರ್ಹರೆಂದು ನಿಯಮವನ್ನು ಮಾಡಿದರು. ಗಂಟೆಗಳ ಲೆಕ್ಕದಲ್ಲಿ ಸಂಭಾವನೆಯನ್ನು ಪಡೆದು ಜೀವಿಸುವ ವಾಚಕರಿಗೆ 
ಇದು ಅನ್ನದ ಪ್ರಶ್ನೆ. ಕೇಳುವವರಿಗೆ ಇದು ಬೇರೊಂದು ಪ್ರಶ್ನೆ.

ಗುಣಗಳ ಪಟ್ಟಿಯನ್ನಷ್ಟೇ ಮುಂದಿಟ್ಟುಕೊಂಡರೆ ಯಂತ್ರವನ್ನು ತಿರಸ್ಕರಿಸುವುದು ಕಷ್ಟ. ಅದರ ಅಕ್ಷರಗಳು ಸ್ಪಷ್ಟ; ಪದವಿಭಾಗವು ಶುದ್ಧ; ಸ್ವರವು ಮಧುರ; ಲಯವು ತಪ್ಪದು; ಭಯವಿಲ್ಲದುದರಿಂದ ಧೈರ್ಯಕ್ಕೂ ಕೊರತೆಯಿಲ್ಲ. ದಣಿವಿಲ್ಲದೆ ೩೫ ಗಂಟೆಗಳ ಗ್ರಂಥವನ್ನು ಅದು ಓದಿ ಮುಗಿಸಬಲ್ಲುದು. ಪುರಸ್ಕಾರವು ಕಂಠದ ಇಂಪಿಗೆ ಮಾತ್ರ ಸಲ್ಲುವುದಾದರೆ, ಇಂದಲ್ಲ ನಾಳೆ ಯಂತ್ರವೇ ಅದನ್ನು ಗೆಲ್ಲುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಆಸ್ಟಿನ್ನಳ ಮೊದಲನೆಯ ವಾಕ್ಯದ ಮುಂದೆ ನಿಂತಾಗ, ಇದನ್ನು ಹೇಳುತ್ತಿರುವವಳು ಇದನ್ನು ನಂಬುವಳೆ ಎಂದು ವಾಚಕನು ನಿರ್ಣಯಿಸಬೇಕು. ಯಂತ್ರವು ಅನೇಕರ ವಾಚನಗಳಲ್ಲಿ ಕಂಡ ಸ್ವರವನ್ನು ಅನುಸರಿಸಿ ಸರಿಯಾದ ಕಾಕುವನ್ನೇ ಕೊಟ್ಟರೂ, ಆ ನಿರ್ಣಯವನ್ನು ಮಾಡಿ ಅದಕ್ಕೆ ಹೊಣೆಯಾದವರು ಅಲ್ಲಿ ಯಾರೂ ಇರುವುದಿಲ್ಲ. ಅರ್ಥವನ್ನರಿಯದೆ ವೇದವನ್ನು ಕಲಿತವನನ್ನು ಭಾರವನ್ನು ಹೊತ್ತ ಕಂಬಕ್ಕೆ ಹೋಲಿಸುವ ಮಾತು ಯಾಸ್ಕನ ನಿರುಕ್ತದಲ್ಲಿದೆ. ಕಂಬವು ಭಾರವನ್ನು ಹೊರುವುದರಿಂದ ಉಪಯೋಗವಿಲ್ಲದಿಲ್ಲ. ಮುದ್ರಿತವಾಗಿ ಮೂಲೆ ಸೇರಿದ ಸಾವಿರಾರು ಗ್ರಂಥಗಳು ಯಂತ್ರದ ಮೂಲಕವಾದರೂ ಅಂಧರಿಗೆ ದೊರೆಯುವುದಾದರೆ ಅದು ಲೋಕೋಪಕಾರವೇ ಸರಿ. ಉಪಯೋಗವು ಬೇರೆ, ಪುರಸ್ಕಾರವು ಬೇರೆ. ಪುರಸ್ಕಾರವು ಹೊಣೆಯನ್ನು ಹೊತ್ತವನಿಗೆ ಸಲ್ಲತಕ್ಕದ್ದು.

೮. ಕನ್ನಡಕ್ಕೆ ಸಂಬಂಧಪಟ್ಟ ವಿಚಾರ

ರಾಜಶೇಖರನು ನಾನಾ ದೇಶದವರ ಕಾವ್ಯಪಾಠದ ರೀತಿಯನ್ನು ವರ್ಣಿಸುವಾಗ ಕರ್ಣಾಟರನ್ನೂ ಬಿಟ್ಟಿಲ್ಲ. ರಸವಾಗಲಿ ರೀತಿಯಾಗಲಿ ಗುಣವಾಗಲಿ ಯಾವುದಾದರೂ ಇರಲಿ, ಕರ್ಣಾಟರೆಲ್ಲರೂ ಗರ್ವದಿಂದ, ಕೊನೆಯಲ್ಲಿ ಟಂಕಾರವು ಕೇಳುವಂತೆ ಓದುವರೆಂಬುದು ಅವನ ಅಭಿಪ್ರಾಯ. ಇದು ಪೂರ್ಣವಾದ ಪ್ರಶಂಸೆಯಲ್ಲ. ಎಲ್ಲ ರಸಗಳಿಗೂ ಒಂದೇ ಸ್ವರವನ್ನು ಹಚ್ಚುವುದು ಕಾಕುವನ್ನು ಮರೆತಂತೆಯೇ ಅಲ್ಲವೆ? ಆ ಮಾತನ್ನು ನಮ್ಮ ಗಮಕಿಗಳು ಸುಳ್ಳುಮಾಡಿದ್ದಾರೆ. ಕುಮಾರವ್ಯಾಸನ ಭಾರತವನ್ನೂ ಲಕ್ಷ್ಮೀಶನ ಜೈಮಿನಿಯನ್ನೂ ರಸಕ್ಕೆ ತಕ್ಕ ರಾಗದಲ್ಲಿ ವಾಚಿಸುವ ಗಮಕಕಲೆಯು ಕನ್ನಡನಾಡಿನಲ್ಲಿ ಇಂದಿಗೂ ಜೀವಂತವಾಗಿದೆ. ಶಿವಮೊಗ್ಗದ ಸಮೀಪದ ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ ೨೦೨೨ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಸಂದಿತು.

ಗಮಕದಲ್ಲಿ ವಾಚನಕ್ಕೆ ಒಬ್ಬರೂ ವ್ಯಾಖ್ಯಾನಕ್ಕೆ ಇನ್ನೊಬ್ಬರೂ ಜೊತೆಯಾಗಿ ಕೂರುವುದು ರೂಢಿ. ಪದ್ಯದ ಅರ್ಥವು ವಾಚನದಲ್ಲಿ ಸ್ಫುರಿಸದಿದ್ದರೆ ವ್ಯಾಖ್ಯಾನಕಾರನು ಬಿಡಿಸಿ ಹೇಳುತ್ತಾನೆ. ಶ್ರವ್ಯಗ್ರಂಥದ ವಾಚಕನಿಗೆ ಇಂಥ ಸಹಾಯಕನಿಲ್ಲ. ಗ್ರಂಥದಲ್ಲಿಲ್ಲದ ಒಂದು ಪದವನ್ನೂ ಸೇರಿಸುವ ಸ್ವಾತಂತ್ರ್ಯವೂ ಅವನಿಗಿಲ್ಲ. ಅವನು ವ್ಯಾಖ್ಯಾನವನ್ನೆಲ್ಲ ಕಂಠದೊಳಗೇ ಅಡಗಿಸಿ ಓದಬೇಕು. ಹೀಗೆ ನೋಡಿದರೆ ಶ್ರವ್ಯಗ್ರಂಥದ ವಾಚಕನು ಮಾತಿಲ್ಲದ ವ್ಯಾಖ್ಯಾತೃ. ಅವನಿಗೆ ಸಲ್ಲುವ ಪುರಸ್ಕಾರವು ವ್ಯಾಖ್ಯಾನಕ್ಕೇ ಸಲ್ಲುವ ಪುರಸ್ಕಾರ.

ಕನ್ನಡ ಕಾದಂಬರಿಗಳೂ ಈಗ ಶ್ರವ್ಯರೂಪದಲ್ಲಿ ದೊರೆಯುತ್ತಿವೆ. ಇವುಗಳ ವಾಚಕರಿಗಾಗಿ ವಿದ್ವತ್ಸಂಸ್ಥೆಗಳು ಪುರಸ್ಕಾರವನ್ನು ಏರ್ಪಡಿಸುವುದಾದರೆ ಮೇಲಣ ವಿಚಾರದಿಂದ ಕೆಲವು ಸೂಚನೆಗಳು ಫಲಿಸುತ್ತವೆ. ಮೊದಲನೆಯದಾಗಿ, ಪರೀಕ್ಷೆಯು ಆಯ್ದ ಭಾಗದ ಮೇಲೆ ನಡೆಯದೆ ಇಡೀ ಗ್ರಂಥದ ಮೇಲೆ ನಡೆಯಬೇಕು. ಹತ್ತು ನಿಮಿಷಗಳ ಮಾಧುರ್ಯವು ಹತ್ತು ಗಂಟೆಗಳ ಅರ್ಥಜ್ಞಾನಕ್ಕೆ ಪ್ರಮಾಣವಾಗಲಾರದು. ಎರಡನೆಯದಾಗಿ, ಪರೀಕ್ಷಕರಲ್ಲಿ ಆ ಗ್ರಂಥವನ್ನು ಚೆನ್ನಾಗಿ ಬಲ್ಲವನೊಬ್ಬನೂ, ಅದನ್ನು ಮೊದಲೇ ಓದದೆ ಕಿವಿಯಿಂದ ಮಾತ್ರ ಕೇಳಿದವನೊಬ್ಬನೂ ಇರಬೇಕು; ವಾಚಕನು ತಪ್ಪಿದನೆ ಎಂಬುದನ್ನು ಮೊದಲನೆಯವನು ಹೇಳುವನು, ಅರ್ಥವು ಮುಟ್ಟಿತೆ ಎಂಬುದನ್ನು ಎರಡನೆಯವನು ಹೇಳುವನು. ಈ ಎರಡನೆಯ ಸ್ಥಾನಕ್ಕೆ ಅಂಧರಾದ ಸಾಹಿತ್ಯಪ್ರಿಯರಿಗಿಂತ ಯೋಗ್ಯರು ಯಾರು? ಮೂರನೆಯದಾಗಿ, ಅಲ್ಪಪ್ರಾಣ ಮಹಾಪ್ರಾಣಗಳ ಮತ್ತು ಲಕಾರ ಳಕಾರಗಳ ಶುದ್ಧಿಯನ್ನು ಹೇಗೆ ಗಮನಿಸುವೆವೊ ಹಾಗೆಯೇ ಪ್ರಾಂತದ ನುಡಿಯ ಶುದ್ಧಿಯನ್ನೂ ಗಮನಿಸಬೇಕು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ೧೯೬೭ರಲ್ಲಿ ಪ್ರಕಟವಾದ ಅಭಿಜಾತ ಕೃತಿ. ಅದರ ಪಾತ್ರಗಳು ಮಲೆನಾಡಿನ ಆಡುನುಡಿಯಲ್ಲಿ ಮಾತನಾಡುತ್ತವೆ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯ ನುಡಿಯು ಮೈಸೂರು ಸೀಮೆಯ ನಂಜನಗೂಡಿನ ಕಡೆಯದು. ಇಂಥ ಗ್ರಂಥಗಳನ್ನು ಪುಸ್ತಕದ ಕನ್ನಡಕ್ಕೆ ತಿದ್ದಿಕೊಂಡು ಓದುವ ವಾಚಕನ ಅಕ್ಷರಗಳು ಎಷ್ಟೇ ಸ್ಪಷ್ಟವಾಗಿದ್ದರೂ, ಅವನು ಗ್ರಂಥವನ್ನು ಓದಿದಂತಾಗುವುದಿಲ್ಲ. ಅಲ್ಲಿ ನುಡಿಯ ಬನಿಯೇ ಅರ್ಥದ ಒಂದು ಭಾಗವಾಗಿರುತ್ತದೆ.

ಪ್ರಶಸ್ತಿಗಳ ಹೆಸರೂ ಹಣವೂ ವರ್ಷವರ್ಷಕ್ಕೆ ಬದಲಾಗಬಹುದು. ಶ್ರವ್ಯಗ್ರಂಥವನ್ನು ಹೊತ್ತು ತರುವ ಉಪಕರಣವು ತಟ್ಟೆಯಿಂದ ಕ್ಯಾಸೆಟ್ಟಿಗೂ ಕ್ಯಾಸೆಟ್ಟಿನಿಂದ ಫೋನಿಗೂ ಬದಲಾದಂತೆ ಮುಂದೆಯೂ ಬದಲಾಗಬಹುದು. ವಾಚಕನನ್ನು ಪರೀಕ್ಷಿಸುವವರು ಕೇಳತಕ್ಕ ಪ್ರಶ್ನೆಯು ಮಾತ್ರ ಒಂದೇ: ಈತನು ಓದಿದುದರಿಂದ ಗ್ರಂಥದ ಅರ್ಥವು ನನಗೆ ಪುಟದಲ್ಲಿ ಕಂಡುದಕ್ಕಿಂತ ಹೆಚ್ಚು ತಿಳಿಯಾಯಿತೆ? ಈ ಪ್ರಶ್ನೆಗೆ ಹೌದೆಂಬ ಉತ್ತರವು ಬಂದಲ್ಲಿ ಪುರಸ್ಕಾರವು ಸಾರ್ಥಕವೆಂದು ತಿಳಿಯತಕ್ಕದ್ದು.